ಕತ್ತರಿ ಹಿಡಿಯುವವರಿಗೆ ಎರಡು ಮಾತು

ತೋಟದ ಕೆಲಸಕ್ಕೆ ಕೈಹಾಕಿದವನಿಗೆ ಉಪದೇಶಕರ ಅಭಾವವೆಂಬುದು ಎಂದಿಗೂ ಉಂಟಾಗದು. ಬೇಲಿಯಾಚೆ ನಿಂತ ಪ್ರತಿಯೊಬ್ಬ ದಾರಿಹೋಕನೂ, ತನ್ನ ಮನೆಯಲ್ಲಿ ಒಂದು ತುಳಸಿಯನ್ನು ಬದುಕಿಸಿಕೊಳ್ಳಲಾರದವನು ಕೂಡ, ಗೊಬ್ಬರದ ವಿಷಯದಲ್ಲಿ ಆಚಾರ್ಯನೇ ಆಗಿರುತ್ತಾನೆ. ಆ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿರೆಂದು ಬೇಡಿಕೊಳ್ಳುತ್ತೇನೆ.

ಚೈತ್ರದಲ್ಲಿ ಮುಡಿತುಂಬ ಮಲ್ಲಿಗೆ ಬೇಕೆನ್ನುವವರು ಮಾರ್ಗಶಿರದಲ್ಲಿ ತುಸು ನಿರ್ದಯರಾಗಬೇಕು. ಡಿಸೆಂಬರಿನ ಹೊತ್ತಿಗೆ ನೀರನ್ನು ಕಡಿಮೆಮಾಡಿ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಬಡಕಲು ಕಡ್ಡಿಗಳನ್ನು ತೆಗೆದು, ಉಳಿದ ಎಲೆಗಳನ್ನೂ ಕಿತ್ತು, ಬುಡ ಬಿಡಿಸಿ ಹಳೆಯ ಸಗಣಿಗೊಬ್ಬರವನ್ನು ಕೊಟ್ಟು ಬಳಿಕ ನೀರೆರೆದರೆ, ಗೆಣ್ಣುಗೆಣ್ಣಿನಲ್ಲಿಯೂ ಚಿಗುರೊಡೆದು, ಆ ಹೊಸ ಚಿಗುರಿನಲ್ಲಿಯೇ ಮೊಗ್ಗು ಮೂಡುತ್ತದೆ. ಬೋಳಾದ ಗಿಡವನ್ನು ಕಂಡು ಮನೆಯ ಹಿರಿಯರು "ಅಯ್ಯೋ, ಏನಯ್ಯಾ ಮಾಡಿಬಿಟ್ಟೆ?" ಎಂದು ಕೇಳುವುದು ನಿಶ್ಚಯ; ಉತ್ತರದ ಗೋಜಿಗೆ ಹೋಗದೆ ಕತ್ತರಿಯನ್ನು ಒರೆಸುತ್ತ ಕುಳಿತಿರುವುದು ಲೇಸು.

ಇನ್ನು ನೀರು. ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನಮ್ಮ ವಾತ್ಸಲ್ಯದಲ್ಲಿ ಮುಳುಗಿ ಸಾಯುವುದೇ ಹೆಚ್ಚೆಂದು ನನ್ನ ಅಭಿಪ್ರಾಯ: ಬೇರಿಗೂ ಗಾಳಿ ಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ತೇವ ತಗುಲಿದರೆ ಚೊಂಬನ್ನು ಹಿಂದಕ್ಕೆ ಒಯ್ಯಿರಿ.

ಎಲ್ಲವೂ ಏಕಕಾಲದಲ್ಲಿ ಅರಳಬೇಕೆಂಬ ಆತುರವೂ ಸಲ್ಲದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಮಹಾಶಯರು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸುವಾಗ, ಒಂದರ ಹೂ ಉದುರುವ ವೇಳೆಗೆ ಮತ್ತೊಂದು ಅರಳುವಂತೆ ಯೋಜಿಸಿದರು. ನಮ್ಮ ಹಿತ್ತಿಲಿಗೆ ಅಷ್ಟು ವೈಭವವೇಕೆ? ಮಲ್ಲಿಗೆ ಮುಗಿದಾಗ ಕನಕಾಂಬರ, ಅದು ಸೊರಗಿದಾಗ ಸೇವಂತಿಗೆ ಇದ್ದರೆ, ಹೂಬುಟ್ಟಿ ಬರಿದಾಯಿತೆಂದು ಮನೆಯೊಡತಿಯು ಗದರಿಸುವ ಪ್ರಸಂಗ ಬಾರದು.