‘ಗೀತಾ’ ಚಿತ್ರದ ಸಂಜಯ: ಒಬ್ಬ ಕಲ್ಪಿತ ಗಾಯಕನ ಬದುಕು ಮತ್ತು ದನಿ

ಪೀಠಿಕೆ

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಪಾತ್ರಪರಿಶೀಲನೆ ಹೊಸದೇನಲ್ಲ. ಪಂಪನ ಕರ್ಣ, ರನ್ನನ ದುರ್ಯೋಧನ, ಕುವೆಂಪು ಅವರ ನಾಯಿಗುತ್ತಿ ಇವರನ್ನೆಲ್ಲ ನಾವು ತರಗತಿಯಲ್ಲಿ ಕಂಡಿದ್ದೇವೆ. ಆ ಒಂದೊಂದು ಪಾತ್ರವೂ ಒಬ್ಬ ಕವಿಯ ಕೈಯಲ್ಲಿ ರೂಪುಗೊಂಡದ್ದು. ಚಲನಚಿತ್ರದ ಪಾತ್ರವಾದರೋ ಹಲವರು ಕೂಡಿ ಕಟ್ಟಿದ್ದು. ಆ ಪಾತ್ರವು ಗಾಯಕನದಾಗಿದ್ದರಂತೂ ದೇಹ ಒಬ್ಬರದು, ಕಂಠ ಇನ್ನೊಬ್ಬರದು, ರಾಗ ಬೇರೊಬ್ಬರದು, ನುಡಿ ಮತ್ತೊಬ್ಬರದು. 1981ರಲ್ಲಿ ತೆರೆಕಂಡ ‘ಗೀತಾ’ ಚಿತ್ರದ ನಾಯಕ ಸಂಜಯ ಇಂತಹ ಪಾತ್ರಕ್ಕೆ ಉತ್ತಮ ನಿದರ್ಶನ. ಕನ್ನಡಿಗರು ಇಂದಿಗೂ ಅಕ್ಕರೆಯಿಂದ ನೆನೆಯುವ ಪಾಪ್ ಗಾಯಕನೊಬ್ಬ ಕಥೆಯಲ್ಲಿ ಹುಟ್ಟಿದವನು ಎಂಬುದೇ ಸೋಜಿಗ.

ಈ ಪಾಠವು ಎತ್ತಿಕೊಳ್ಳುವ ಪ್ರಶ್ನೆ ಒಂದೇ: ಸಂಜಯನ ದನಿಯನ್ನು ಕನ್ನಡದ ದನಿಯನ್ನಾಗಿ ಮಾಡಿದ್ದು ಯಾವುದು? ಜೂರಾಲ, ಮಕ್ತಲ್, ನಾರಾಯಣಪೇಟೆ, ಗದ್ವಾಲಗಳ ನಡುವೆ ತೆಲುಗಿನ ಒಡನಾಟದಲ್ಲಿಯೇ ಕನ್ನಡ ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ಸಿನಿಮಾಕ್ಕಷ್ಟೇ ಸೇರಿದ ಪ್ರಶ್ನೆಯಲ್ಲ.

ಸಂಜಯನ ಬದುಕು

ಸಂಜಯ ವೇದಿಕೆಯ ಮೇಲೆ ವಾದ್ಯಮೇಳದೊಡನೆ ಹಾಡುವ ತರುಣ. ಕೇಳುಗರ ಪ್ರೀತಿ ಅವನಿಗೆ ಧಾರಾಳವಾಗಿ ದೊರೆತಿದೆ. ಅವನು ಒಲಿಯುವುದು ಗೀತಾ ಎಂಬ ತರುಣಿಗೆ. ಆಕೆಯನ್ನು ಮಾರಣಾಂತಿಕ ರೋಗವೊಂದು ಆವರಿಸಿದೆ. ಗೀತಾಳ ಪಾತ್ರವನ್ನು ಅಕ್ಷತಾ ರಾವ್ ಎಂಬ ಹೆಸರಿನಲ್ಲಿ ಪದ್ಮಾವತಿ ರಾವ್ ನಿರ್ವಹಿಸಿದ್ದಾರೆ. ಕಥೆಯ ಹಂದರ ಸರಳವಾದುದು. ಆದರೆ ಹೆಸರಿನಲ್ಲಿರುವ ಧ್ವನಿಯನ್ನು ಗಮನಿಸಬೇಕು. ಗಾಯಕನೊಬ್ಬ ಪ್ರೀತಿಸಿದವಳ ಹೆಸರೇ ಹಾಡು ಎಂಬ ಅರ್ಥವನ್ನು ಹೊತ್ತಿದೆ. ಅವಳನ್ನು ಕಳೆದುಕೊಳ್ಳುವ ಭಯವೂ ಹಾಡನ್ನು ಕಳೆದುಕೊಳ್ಳುವ ಭಯವೂ ಅವನಿಗೆ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ಈ ಪಾತ್ರದ ಹೊಸತನವನ್ನು ಅರಿಯಲು 1966ರ ‘ಸಂಧ್ಯಾರಾಗ’ ಚಿತ್ರವನ್ನು ಪಕ್ಕದಲ್ಲಿರಿಸಿ ನೋಡಬಹುದು. ಅದು ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ್ದು, ಡಾ. ರಾಜ್‌ಕುಮಾರ್ ಅದರಲ್ಲಿ ಅಭಿನಯಿಸಿದ್ದು, ಪಂಡಿತ ಭೀಮಸೇನ ಜೋಶಿ ಅದಕ್ಕಾಗಿ ಹಾಡಿದ್ದಾರೆ. ಅಲ್ಲಿನ ನಾಯಕನದು ಶಾಸ್ತ್ರೀಯ ಸಂಗೀತದ ಲೋಕ. ಅಲ್ಲಿ ಕಲಾವಿದನ ಬೆನ್ನಿಗೆ ಒಂದು ಪರಂಪರೆಯಿದೆ. ಸಂಜಯನ ಬೆನ್ನಿಗೆ ಅಂತಹುದಿಲ್ಲ; ಅವನ ಎದುರಿಗೆ ಕೇಳುಗರಿದ್ದಾರೆ. ಎಲ್ವಿಸ್ ಪ್ರೀಸ್ಲಿ ಮತ್ತು ಬೀಟಲ್ಸ್ ಗಾಯಕರು ಜಗತ್ತಿಗೆ ಪರಿಚಯಿಸಿದ ಪಾಪ್ ತಾರೆಯ ಕಲ್ಪನೆ ಹದಿನೈದು ವರ್ಷಗಳ ಅಂತರದಲ್ಲಿ ಕನ್ನಡ ಕಥೆಯೊಳಗೆ ಹೀಗೆ ನೆಲೆ ಕಂಡುಕೊಂಡಿತು.

ನಾಲ್ವರು ಕಟ್ಟಿದ ಒಬ್ಬ ಗಾಯಕ

ಸಂಜಯನಿಗೆ ದೇಹವನ್ನೂ ಚಿತ್ರಕ್ಕೆ ನಿರ್ದೇಶನವನ್ನೂ ಕೊಟ್ಟವರು ಶಂಕರ್ ನಾಗ್ (1954–1990). ಹೊನ್ನಾವರ ಸೀಮೆಯ ಕೊಂಕಣಿ ಮನೆಮಾತಿನ ಕುಟುಂಬದವರಾದ ಅವರು ತಾರುಣ್ಯದಲ್ಲಿ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದಿಂದ ಕನ್ನಡಕ್ಕೆ ಪರಿಚಿತರಾದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಸಿಲುಕಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ವರ್ಷ.

ರಾಗ ಸಂಯೋಜಿಸಿದವರು ತಮಿಳುನಾಡಿನ ಪಣ್ಣೈಪುರದ ಇಳಯರಾಜ. ಕಂಠ ನೀಡಿದವರು ತೆಲುಗು ಮನೆಮಾತಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ (1946–2020). ನುಡಿ ಬರೆದವರು ಚಿ. ಸದಾಶಿವಯ್ಯನವರ ಮಗ, ಕನ್ನಡಿಗರಾದ ಚಿ. ಉದಯಶಂಕರ್ (1934–1993). ಹೀಗೆ ಕೊಂಕಣಿ, ತಮಿಳು, ತೆಲುಗು, ಕನ್ನಡ ಎಂಬ ನಾಲ್ಕು ಮನೆಮಾತುಗಳು ಸಂಜಯನೊಬ್ಬನಲ್ಲಿ ಸೇರಿವೆ. ಕನ್ನಡಕ್ಕೆ ಪ್ರಥಮ ಸ್ಥಾನ ಸಲ್ಲಬೇಕೆಂಬ ಗೋಕಾಕ್ ಸಮಿತಿಯ ವರದಿ ಸಲ್ಲಿಕೆಯಾದದ್ದೂ ಅದೇ 1981ರಲ್ಲಿ ಎಂಬುದನ್ನು ನೆನೆಯಬಹುದು. ಕನ್ನಡದ ಸ್ಥಾನಮಾನದ ಚರ್ಚೆ ಕಾವೇರುತ್ತಿದ್ದ ಕಾಲದಲ್ಲಿಯೇ ನಾಡು ಸಂಜಯನ ಹಾಡುಗಳನ್ನು ತನ್ನವೆಂದು ಒಪ್ಪಿಕೊಂಡಿತು.

ಒಪ್ಪಿಗೆಗೆ ಆಧಾರ ಯಾವುದು? ರಾಗವೊಂದೇ ಎನ್ನಲಾಗದು. ಈ ಚಿತ್ರದ ಪ್ರಸಿದ್ಧ ಯುಗಳಗೀತೆಯ ರಾಗವನ್ನು ಇಳಯರಾಜ ಅವರೇ 1984ರ ‘ನೂರಾವದು ನಾಳ್’ ಎಂಬ ತಮಿಳು ಚಿತ್ರದಲ್ಲಿಯೂ 2007ರ ‘ಚೀನಿ ಕಮ್’ ಎಂಬ ಹಿಂದಿ ಚಿತ್ರದಲ್ಲಿಯೂ ಮತ್ತೆ ಬಳಸಿದರು. ರಾಗವು ಯಾವ ಭಾಷೆಗಾದರೂ ಹೋಗಿ ನೆಲೆಸಬಲ್ಲದು. ಅದನ್ನು ಒಂದು ಭಾಷೆಯಲ್ಲಿ ನಿಲ್ಲಿಸುವುದು ನುಡಿ. ಉದಯಶಂಕರ್ ಅವರ ರಚನೆಗಳಲ್ಲಿ ಇಲ್ಲಿ ಉದ್ದನೆಯ ಸಂಸ್ಕೃತ ಸಮಾಸಗಳು ವಿರಳ. ನಿತ್ಯದ ಬಳಕೆಯ ಚಿಕ್ಕ ಪದಗಳು, ಎದುರಿಗಿರುವವರನ್ನು ನೇರವಾಗಿ ಮಾತನಾಡಿಸುವ ರೀತಿ, ಪದ ಮುಗಿಯುವಲ್ಲಿಯೇ ತಾಳಕ್ಕೆ ಸಿಗುವ ವಿಶ್ರಾಂತಿ ಇವು ಅಲ್ಲಿನ ಲಕ್ಷಣಗಳು. ಪಾಶ್ಚಾತ್ಯ ವಾದ್ಯಗಳ ನಡುವೆಯೂ ಪ್ರತಿಯೊಂದು ಪದ ಕಿವಿಗೆ ಬಿಡಿಬಿಡಿಯಾಗಿ ತಲುಪುತ್ತದೆ.

ತೆಲುಗು ಕಂಠ, ಕನ್ನಡ ಹಾಡು

ನುಡಿ ಎಷ್ಟೇ ಸೊಗಸಾಗಿದ್ದರೂ ಅದನ್ನು ಉಚ್ಚರಿಸುವ ಕಂಠ ಬೇಕು. ಬಾಲಸುಬ್ರಹ್ಮಣ್ಯಂ ತೆಲುಗಿನಲ್ಲಿ ತಮ್ಮ ಮೊದಲ ಚಿತ್ರಗೀತೆಯನ್ನು ಹಾಡಿದ್ದು 1966ರ ಡಿಸೆಂಬರಿನಲ್ಲಿ. ಕೆಲವೇ ದಿನಗಳಲ್ಲಿ ಅವರು ಕನ್ನಡದ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕೆ ಹಾಡಿದರು. ಮುಂದೆ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ (1995) ಕನ್ನಡ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಅವರಿಗೂ ಮೊದಲು ಕಾಕಿನಾಡದ ಪಿ.ಬಿ. ಶ್ರೀನಿವಾಸ್ ಬಹುಕಾಲ ಡಾ. ರಾಜ್‌ಕುಮಾರ್ ಅವರಿಗೆ ಕಂಠವಾಗಿದ್ದರು. ‘ಗೀತಾ’ದ ಯುಗಳಗೀತೆಯಲ್ಲಿ ಜೊತೆಗೂಡಿದ ಎಸ್. ಜಾನಕಿ ಕೂಡ ತೆಲುಗು ನಾಡಿನವರು. ಕನ್ನಡಿಗರು ತಮ್ಮ ಪ್ರೇಮವನ್ನೂ ವಿರಹವನ್ನೂ ಬಹುಕಾಲ ಕೇಳಿಸಿಕೊಂಡದ್ದು ತೆಲುಗು ಮನೆಮಾತಿನವರ ಕಂಠದಿಂದ.

ಇದು ತಾನಾಗಿ ಒದಗಿದ ಸಿದ್ಧಿಯಲ್ಲ. ಎರಡು ಭಾಷೆಗಳು ಎಲ್ಲಿ ಸಮೀಪವಿವೆಯೋ ಅಲ್ಲಿಯೇ ಎಚ್ಚರ ಹೆಚ್ಚು ಬೇಕು. ಸಂಸ್ಕೃತದ ಆಕಾರಾಂತ ಪದಗಳನ್ನು ನೋಡಿ: ‘ಕಥಾ’ ಎಂಬುದು ಕನ್ನಡದಲ್ಲಿ ‘ಕಥೆ’, ತೆಲುಗಿನಲ್ಲಿ ‘ಕಥ’, ‘ಮಾಲಾ’ ಎಂಬುದು ಇಲ್ಲಿ ‘ಮಾಲೆ’, ಅಲ್ಲಿ ‘ಮಾಲ’, ‘ಗೀತಾ’ ಎಂಬುದು ಇಲ್ಲಿ ‘ಗೀತೆ’, ಅಲ್ಲಿ ‘ಗೀತ’. ಪದಾಂತ್ಯದ ಒಂದು ಎಕಾರ ಸಡಿಲವಾದರೆ ಹಾಡು ಗಡಿ ದಾಟಿಬಿಡುತ್ತದೆ. ಆ ಎಕಾರವನ್ನು ಕಾಯ್ದುಕೊಳ್ಳುವ ಶ್ರಮವೇ ಗಾಯಕನಿಗೆ ಕನ್ನಡದ ಹಕ್ಕನ್ನು ದೊರಕಿಸಿತು.

ಜೂರಾಲದಿಂದ ನೋಡಿದಾಗ

ನಮ್ಮ ಸೀಮೆಗೆ ಈ ವಿಚಾರ ಹೇಗೆ ಸಲ್ಲುತ್ತದೆ ಎಂಬುದನ್ನು ಈಗ ನೋಡೋಣ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಇಂದಿನ ಗದ್ವಾಲ ಜಿಲ್ಲೆಯಲ್ಲಿರುವ ಉತ್ತನೂರಿನಲ್ಲಿ ಹದಿನೆಂಟನೆಯ ಶತಮಾನದ ಗೋಪಾಲದಾಸರು ನೆಲೆಸಿದ್ದರು. ವಿಜಯದಾಸರ ಶಿಷ್ಯರಾದ ಅವರು ‘ಗೋಪಾಲವಿಠಲ’ ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದರು. ಕನ್ನಡ ಹಾಡಿಗೆ ಈ ನೆಲ ಹೊರಗಿನದಲ್ಲ.

ಆದರೂ ಗಡಿಯ ವಿದ್ಯಾರ್ಥಿ ತರಗತಿಯಲ್ಲಿ ಗಟ್ಟಿಯಾಗಿ ಓದಲು ಹಿಂಜರಿಯುವುದುಂಟು. ತನ್ನ ಕನ್ನಡದಲ್ಲಿ ತೆಲುಗಿನ ಎಳೆತವಿದೆ, ಒಳನಾಡಿನವರು ನಗಬಹುದು ಎಂಬ ಅಂಜಿಕೆ ಅದಕ್ಕೆ ಕಾರಣ. ಈ ಅಂಜಿಕೆಯಿಂದಲೇ ಐಚ್ಛಿಕ ಕನ್ನಡವನ್ನು ಬಿಟ್ಟುಕೊಡುವವರೂ ಇದ್ದಾರೆ. ಅಂತಹವರು ಒಂದು ಸಂಗತಿಯನ್ನು ನೆನಪಿಡಬೇಕು. ತೆಲುಗಿನಲ್ಲಿ ಇಂದಿಗೂ ‘ಪಾಡು’, ‘ಪಾಲು’, ‘ಪುಲಿ’ ಎನ್ನುತ್ತಾರೆ. ಹಳಗನ್ನಡದಲ್ಲಿ ‘ಪಾಡು’, ‘ಪಾಲ್’, ‘ಪುಲಿ’ ಎಂದೇ ಇತ್ತು. ಪಕಾರ ಹಕಾರವಾಗಿ ‘ಹಾಡು’, ‘ಹಾಲು’, ‘ಹುಲಿ’ ಎಂಬ ರೂಪಗಳು ಬಂದದ್ದು ಆಮೇಲೆ. ಪಂಪನನ್ನು ಓದುವಾಗ ಇತರರು ನಿಘಂಟನ್ನು ತೆರೆಯುವ ಕಡೆ ಈ ಸೀಮೆಯ ವಿದ್ಯಾರ್ಥಿಗೆ ಸಂತೆಯ ಮಾತೇ ಅರ್ಥವನ್ನು ಹೇಳಿಕೊಡುವುದುಂಟು. ಕೊರತೆಯೆಂದು ಅಳುಕುವ ಎರಡನೆಯ ಭಾಷೆ ಇಲ್ಲಿ ಓದಿಗೆ ಬಂಡವಾಳವಾಗುತ್ತದೆ.

ಆದರೆ ಬಂಡವಾಳವಿದ್ದ ಮಾತ್ರಕ್ಕೆ ಸಾಲದು, ದುಡಿಮೆಯೂ ಬೇಕು. ಸಂಜಯ ಎಂಬ ಗಾಯಕ ಎಲ್ಲಿಯೂ ಹುಟ್ಟಿದವನಲ್ಲ. ಆದ್ದರಿಂದ ಅವನಿಗೆ ಹುಟ್ಟಿನಿಂದ ಬಂದ ಕನ್ನಡವೂ ಇರಲಿಲ್ಲ. ನಾಲ್ವರ ಶ್ರಮ ಅವನಿಗೆ ಕನ್ನಡವನ್ನು ಕೊಟ್ಟಿತು. ಕೇಳುಗರು ಅದನ್ನು ಸರಿಯೆಂದು ಒಪ್ಪಿದರು. ಭಾಷೆಯು ಪದವನ್ನು ಗೌರವದಿಂದ ಉಚ್ಚರಿಸುವವರಿಗೆ ಸಲ್ಲುತ್ತದೆ ಎಂಬುದಕ್ಕೆ ಈ ಕಲ್ಪಿತ ಗಾಯಕನಿಗಿಂತ ಮನವರಿಕೆಯಾಗುವ ಸಾಕ್ಷಿ ಬೇಕಿಲ್ಲ.

ಅಭ್ಯಾಸಕ್ಕೆ

1. ‘ಸಂಧ್ಯಾರಾಗ’ ಮತ್ತು ‘ಗೀತಾ’ ಚಿತ್ರಗಳ ನಾಯಕರನ್ನು ಗಾಯಕರೆಂಬ ನೆಲೆಯಲ್ಲಿ ಹೋಲಿಸಿ ಬರೆಯಿರಿ.

2. ನಿಮಗೆ ಪ್ರಿಯವಾದ ಒಂದು ಕನ್ನಡ ಚಿತ್ರಗೀತೆಯನ್ನು ಆಲಿಸಿ, ಅದರಲ್ಲಿ ಎಕಾರಾಂತ ಪದಗಳು ತಾಳದಲ್ಲಿ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಗುರುತಿಸಿರಿ.

3. ನಿಮ್ಮ ಊರಿನ ತೆಲುಗು ಮಾತಿನಲ್ಲಿ ಪಕಾರದಿಂದ ಆರಂಭವಾಗುವ ಹತ್ತು ಪದಗಳನ್ನು ಸಂಗ್ರಹಿಸಿ. ಅವುಗಳಲ್ಲಿ ಯಾವುವಕ್ಕೆ ಹೊಸಗನ್ನಡದಲ್ಲಿ ಹಕಾರದ ರೂಪವಿದೆ, ಯಾವುವಕ್ಕೆ ಇಲ್ಲ ಎಂಬುದನ್ನು ಪಟ್ಟಿಮಾಡಿ, ಮುಂದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿರಿ.