ಡಾಕ್ಟರ್ ಮೇಲೆ ನಂಬಿಕೆ ಹೋದಾಗ

ಮಾರ್ಕನ ಸುವಾರ್ತೆ 5ನೇ ಅಧ್ಯಾಯ, 25ರಿಂದ 34ರ ತನಕ ತೆಗೆಯಿರಿ. ಮೊಬೈಲಲ್ಲಿ ಓದುವವರು ಓದಿ, ವಾಟ್ಸಾಪ್ ಮಾತ್ರ ಮುಚ್ಚಿಡಿ.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಈ ಸಹೋದರಿಯ ವಿಷಯ ಬಂದರೆ ನಾವು ನೇರವಾಗಿ ಯೇಸುವಿನ ಉಡುಪಿನ ಹತ್ತಿರ ಓಡುತ್ತೇವೆ. ಇವತ್ತು 26ನೇ ವಚನದಲ್ಲಿ ಸ್ವಲ್ಪ ನಿಲ್ಲೋಣ. ವೈದ್ಯರಿಂದ ವೈದ್ಯರಿಗೆ ಅಲೆದು ಈಕೆ ಪಟ್ಟ ಕಷ್ಟ, ಖಾಲಿಯಾದ ಕೈ, ಹೆಚ್ಚಾದ ರೋಗ, ಎಲ್ಲವನ್ನೂ ಮಾರ್ಕನು ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಲೂಕನು ಅದನ್ನೇ ಚುಟುಕಾಗಿ ಮುಗಿಸುತ್ತಾನೆ. ಅವನೂ ವೈದ್ಯನೇ ಅಲ್ವಾ! ಅಂದರೆ ಡಾಕ್ಟರ್ ಬಗ್ಗೆ ಬೇಸರ ಆಯ್ತು ಅಂತ ಹೇಳೋದು ಪಾಪ ಅಲ್ಲ.

ನನ್ನದೇ ಸಾಕ್ಷಿ ಹೇಳ್ತೀನಿ. ಪಾಸ್ಟರ್ ಆಗೋದಕ್ಕೆ ಮುಂಚೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಬಂತು. ಸೂಜಿ ಹಾಕಿ ಟೆಸ್ಟ್ ಮಾಡಿದಾಗ ಟಿಬಿ. ಆರು ತಿಂಗಳ ಮಾತ್ರೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ರಕ್ತ ಅಂದುಕೊಂಡು ರಾತ್ರಿಯೆಲ್ಲಾ ನಿದ್ದೆ ಇಲ್ಲ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ ಅಷ್ಟೇ, ಅಪಾಯ ಇಲ್ಲ ಅಂತ ಡಾಕ್ಟರ್ ಒಂದು ಮಾತು ಮೊದಲೇ ಹೇಳಿರಲಿಲ್ಲ.

ಎರಡನೇ ತಿಂಗಳಲ್ಲಿ ಗಂಟು ಕರಗುವ ಬದಲು ದಪ್ಪ ಆಯ್ತು. ಓಡಿ ಹೋದೆ. ಕಂಪ್ಯೂಟರ್ ನೋಡ್ತಾನೇ "ಕಂಟಿನ್ಯೂ ಮಾಡಿ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಟೋಕನ್ ಕರೆದಾಯ್ತು. ಆವತ್ತು ನನ್ನೊಳಗೆ ಏನೋ ಮುರಿಯಿತು. ಮಾರನೇ ದಿನದಿಂದ ಮಾತ್ರೆ ಬಿಟ್ಟೆ.

ಈಗ ನಾಚಿಕೆಯ ಭಾಗ. ಸಭೆಯಲ್ಲಿ ಎದ್ದು ನಿಂತು, "ನಾನು ಡಾಕ್ಟರನ್ನಲ್ಲ, ದೇವರನ್ನು ನಂಬಿದ್ದೇನೆ" ಅಂದೆ. ಎಲ್ಲರೂ ಹಲ್ಲೆಲೂಯಾ ಅಂದರು. ಅರಸನಾದ ಆಸನ ಕಥೆಯನ್ನೂ ಎಳೆದು ತಂದೆ. ಆಸನ ತಪ್ಪು ವೈದ್ಯರ ಹತ್ತಿರ ಹೋದದ್ದಲ್ಲ, ದೇವರನ್ನು ಬಿಟ್ಟದ್ದು. ಅದು ಗೊತ್ತಿದ್ದೂ ಹೇಳಿದೆ. ನನ್ನದು ಬರೀ ಸಿಟ್ಟು. ಅದಕ್ಕೆ ನಂಬಿಕೆ ಅಂತ ಹೆಸರಿಟ್ಟಿದ್ದೆ.

ಒಂಬತ್ತು ದಿನ ಹೀಗೆ ಹೋಯ್ತು. ನಮ್ಮ ಸಭೆಯಲ್ಲಿ ರಿಟೈರ್ ಆದ ಸ್ಟಾಫ್ ನರ್ಸ್ ಆಂಟಿ ಒಬ್ಬರಿದ್ದರು. ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು, "ಮಗಾ, ಆ ಡಾಕ್ಟರ್ ಬೇಡ ಅಂದ್ರೆ ಬೇಡ. ಮಾತ್ರೆ ಏನು ತಪ್ಪು ಮಾಡಿತು?" ಅಂದರು. ಟಿಬಿ ಮಾತ್ರೆ ಮಧ್ಯದಲ್ಲಿ ಬಿಟ್ಟರೆ ಉಳಿದ ಕ್ರಿಮಿಗಳು ಔಷಧಕ್ಕೇ ಬಗ್ಗದ ಹಾಗೆ ಆಗಬಹುದು, ಆಮೇಲಿನ ಚಿಕಿತ್ಸೆ ಇದಕ್ಕಿಂತ ಕಷ್ಟ ಅಂತ ಬಿಡಿಸಿ ಹೇಳಿದರು. ಮಾರನೇ ಬೆಳಿಗ್ಗೆ ಅವರೇ ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಆಟೋದಲ್ಲಿ ನಾನು ಲೆಕ್ಕ ಹಾಕ್ತಿದ್ದೆ, ಒಂಬತ್ತು ದಿನ ಬಿಟ್ಟದ್ದನ್ನು ಹೇಳಬೇಕಾ, ಮುಚ್ಚಿಡಬೇಕಾ ಅಂತ. 33ನೇ ವಚನ ನೋಡಿ. ಆ ಸಹೋದರಿ ನಡುಗುತ್ತಾ ಬಂದು ನಡೆದದ್ದನ್ನೆಲ್ಲಾ ಒಪ್ಪಿಕೊಂಡಳು. ನಾನೂ ಹೇಳಿಬಿಟ್ಟೆ. ಈ ಡಾಕ್ಟರಮ್ಮ ಬೈಯಲಿಲ್ಲ. ಗಂಟಿನಿಂದ ಮತ್ತೆ ಸ್ಯಾಂಪಲ್ ತೆಗೆದು, ಔಷಧಕ್ಕೆ ಕ್ರಿಮಿ ಬಗ್ಗುತ್ತಾ ಅಂತ ಟೆಸ್ಟ್ ಮಾಡಿಸಿದರು. ಬಗ್ಗುತ್ತಿತ್ತು, ದೇವರಿಗೆ ಸ್ತೋತ್ರ! ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಕೆಲವರಿಗೆ ಗಂಟು ಸ್ವಲ್ಪ ಕಾಲ ಊದಿಕೊಳ್ಳುತ್ತೆ, ದೇಹದ ರೋಗನಿರೋಧಕ ಶಕ್ತಿ ಎಚ್ಚೆತ್ತಾಗ ಹೀಗಾಗಬಹುದು ಅಂತ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಬಿಟ್ಟ ದಿನಗಳನ್ನೂ ಸೇರಿಸಿ ಕೋರ್ಸ್ ಮುಗಿಸಿದೆ.

ಮೊದಲ ಡಾಕ್ಟರ್ ಕೊಟ್ಟ ಮಾತ್ರೆ ಸರಿಯಾಗಿಯೇ ಇತ್ತು. ಎಲ್ಲಾ ಸಲ ಹಾಗೆ ಇರಲ್ಲ, ಡಾಕ್ಟರೂ ತಪ್ಪು ಮಾಡ್ತಾರೆ. ಅದಕ್ಕೇ ಯೌವನಸ್ಥರೇ, ಸಂಶಯ ಬಂದರೆ ಬಾಯಿಬಿಟ್ಟು ಕೇಳಿ. ಪ್ರಶ್ನೆಗಳನ್ನು ಬರೆದುಕೊಂಡು, ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ. ಉತ್ತರ ಸಿಗದಿದ್ದರೆ ನಿಮ್ಮ ಫೈಲ್ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ಟಿಬಿ ಆದರೆ ನಿಕ್ಷಯ್ ಸಹಾಯವಾಣಿ 1800-11-6666. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲಿವರ್‌ಗೆ ತೊಂದರೆ ಆಗಿರಬಹುದು. ಅಂಥ ಸಮಯದಲ್ಲಿ ಡಾಕ್ಟರೇ ಮಾತ್ರೆ ನಿಲ್ಲಿಸಿಸುತ್ತಾರೆ.

ಈಗ ಪ್ರಾರ್ಥನೆ ಮಾಡೋಣ. ಟಿಬಿ, ಶುಗರ್, ಫಿಟ್ಸ್, ಡಿಪ್ರೆಶನ್, ಯಾವುದೇ ಇರಲಿ, ಯಾರಿಗೂ ಹೇಳದೆ ಮಾತ್ರೆ ಬಿಟ್ಟವರು ಇಲ್ಲಿ ಇದ್ದರೆ, ಕೈ ಎತ್ತೋದು ಬೇಡ. ಪ್ರಾರ್ಥನೆ ಆದ ಮೇಲೆ ಹಿಂದಿನ ಬಾಗಿಲ ಹತ್ತಿರ ನಾನು ನಿಂತಿರ್ತೀನಿ. ಬನ್ನಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಯಾರು ಜೊತೆ ಬರಬೇಕು ಅಂತ ಮಾತಾಡೋಣ.