ಎಫ್ಫಥಾ: ತೆರೆಯಲಿ!

ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ತಮ್ಮ ಬಳಿಗೆ ಕರೆತಂದ ಕಿವುಡನನ್ನು ಪ್ರಭು ಯೇಸು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಅವನ ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿ, ಆಕಾಶದತ್ತ ನೋಡುತ್ತಾರೆ. 'ಎಫ್ಫಥಾ' ಎಂಬ ಮಾತು ಬರುವುದು ಆಮೇಲೆ. ಕೇಳಲಾರದವನೊಡನೆ ಪ್ರಭು ಮೊದಲು ಸ್ಪರ್ಶದಿಂದ, ಸನ್ನೆಯಿಂದ ಮಾತನಾಡಿದರು.

ನಾವು ಹಾಗೆ ಮಾಡುತ್ತೇವೆಯೇ? 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್ ಕಿವುಡರ ಶಿಕ್ಷಕರಾಗಿದ್ದರು. ಅವರ ತಾಯಿಗೆ ಕಿವಿ ಮಂದ. ಪತ್ನಿಗೆ ಬಾಲ್ಯದಿಂದಲೇ ಕೇಳಿಸುತ್ತಿರಲಿಲ್ಲ. ಆದರೂ ಆ ಯಂತ್ರ ಕಿವುಡರನ್ನು ಹೊರಗೇ ನಿಲ್ಲಿಸಿತು. ಅದೇ ಟೆಲಿಫೋನಿನ ಮೂಲಕ ಅಕ್ಷರಗಳನ್ನು ಕಳುಹಿಸುವ ಸಾಧನವನ್ನು 1964ರಲ್ಲಿ ರೂಪಿಸಿದವರು ರಾಬರ್ಟ್ ವೈಟ್‌ಬ್ರೆಕ್ಟ್, ಸ್ವತಃ ಕಿವುಡರಾಗಿದ್ದ ಅಮೆರಿಕದ ಭೌತವಿಜ್ಞಾನಿ.

ಕಿವಿಯ ಜೊತೆಗೆ ಕಣ್ಣೂ ಇಲ್ಲದವರಿಗೆ? ಇಂದು ಕಂಪ್ಯೂಟರಿಗೆ, ಮೊಬೈಲಿಗೆ ಜೋಡಿಸುವ ಬ್ರೈಲ್ ಫಲಕಗಳಿವೆ. ತೆರೆಯ ಮೇಲಿನ ಅಕ್ಷರಕ್ಕೆ ತಕ್ಕಂತೆ ಫಲಕದಲ್ಲಿ ಪುಟ್ಟ ಚುಕ್ಕಿಗಳು ಮೇಲೆದ್ದು ಇಳಿಯುತ್ತವೆ, ಬೆರಳು ಓದುತ್ತದೆ. ಆದರೆ ಧರ್ಮಕೇಂದ್ರದ ಪ್ರಕಟಣೆಯನ್ನು ನಾವು ಫೋಟೋ ತೆಗೆದು ಕಳುಹಿಸಿದರೆ ಆ ಬೆರಳಿಗೆ ಏನೂ ಸಿಗದೆ ಹೋಗಬಹುದು. ಟೈಪ್ ಮಾಡಿ ಕಳುಹಿಸಿ. ಬಲಿಪೂಜೆಯ ವಿಡಿಯೋದಲ್ಲಿ ಪ್ರಬೋಧನೆಯನ್ನು ಅಕ್ಷರದಲ್ಲೂ ತೋರಿಸಿ. ಕಿವುಡರಿಗೆ ಕರೆ ಮಾಡುವ ಬದಲು ಸಂದೇಶ ಬರೆಯಿರಿ.

ಈ ವಾರ ಮನೆಮಂದಿಯೆಲ್ಲ ಸೇರಿ ಯೋಚಿಸಿ: ನಮ್ಮ ದೇವಾಲಯದ ಬೆಂಚಿನಲ್ಲಿ ಏನೂ ಕೇಳಿಸದೆ ಕುಳಿತು ಎದ್ದು ಹೋಗುವವರು ಯಾರು? ಅವರಿಗಾಗಿ ಮೊದಲು ನಮ್ಮ ಹೃದಯ ತೆರೆಯಲಿ.